ಎರಡು ಪದಕ್ಕೆ ಜಾಗ

ಗುಂಡಿಯ ಅಗಲ ಹೆಬ್ಬೆರಳಿನ ಅಗಲ.
ಹದಿನಾಲ್ಕು ಅಕ್ಷರ ಹಿಡಿಯುತ್ತದೆ,
ಹದಿನೈದನೆಯದು ಅಂಚಿನಾಚೆ ಜಾರಿ
ಮೂರು ಚುಕ್ಕೆಯಾಗುತ್ತದೆ.
ನನ್ನ ಕಸುಬು ಇದು. ಟಾಲಿನ್ನಿನ ಒಂದು ಆಸ್ಪತ್ರೆಯ ಆ್ಯಪಿಗೆ
ಚೋಟುದ್ದದ ಮಾತು ಬರೆಯುವುದು.
ಮುಂದೆ. ಹಿಂದೆ. ಮತ್ತೊಮ್ಮೆ ಪ್ರಯತ್ನಿಸಿ.
ಅಮ್ಮ ನೆರೆಯವರೆದುರು ನನ್ನನ್ನು ಲೇಖಕಿ ಎನ್ನುತ್ತಾಳೆ,
ಯಾವ ಪುಸ್ತಕ ಎಂದು ಅವರು ಬಾಯ್ತೆರೆಯುವ ಮೊದಲೇ
ಕಾಫಿ ಬಗ್ಗಿಸುತ್ತಾಳೆ.

ಆ ಪ್ರಶ್ನೆಯನ್ನು ಬರೆದದ್ದೂ ನಾನೇ,
ಒಂದು ಶುಕ್ರವಾರ, ನಾಲ್ಕಕ್ಕೇ ಕತ್ತಲಾಗಿ
ಸೀಮ್ ಕೋಟು ತೊಟ್ಟು ಬಾಗಿಲಲ್ಲಿ ಕಾಯುತ್ತಿದ್ದಾಗ:
‘ಭೇಟಿ ರದ್ದು ಮಾಡುವುದೇ?’
ಕೆಳಗೆ ಎರಡು ಗುಂಡಿ, ಅಕ್ಕಪಕ್ಕ.
‘ರದ್ದು.’ ‘ಸರಿ.’
ಚೊಕ್ಕವಾಗಿದೆ, ಎಂದ ಸೀಮ್.
ನನಗೂ ಹಾಗೇ ಕಂಡಿತ್ತು.

ಮಾರ್ಚಿನಲ್ಲಿ, ಹೀಯುಮಾ ದ್ವೀಪದಿಂದ
ಹಡಗು ಹತ್ತಿ, ಹಡಗಿಳಿದು, ಬಸ್ಸು ಹತ್ತಿ
ಕಾಲ್ಯೊ ಎಂಬವರು ಬಂದರು.
ಎಂಬತ್ತೊಂದು ವರ್ಷ. ಎರಡೂ ಕಣ್ಣಿಗೆ ಪೊರೆ, ಬಲಗಡೆಯದು ಜಾಸ್ತಿ.
ಎಂಟು ತಿಂಗಳು ಕಾದ ಶಸ್ತ್ರಕ್ರಿಯೆಯ ಬೆಳಿಗ್ಗೆ
ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ.
ಕಂಪ್ಯೂಟರಿನಲ್ಲಿ ಒಂದೇ ಸಾಲು:
‘ರೋಗಿಯ ಇಚ್ಛೆಯಂತೆ ರದ್ದಾಗಿದೆ.’
ಆ ಸಾಲೂ ನನ್ನದೇ.

ನನ್ನನ್ನು ಕರೆಸಿದರು. ಕಾರಿಡಾರಿನ ಬೆಂಚು.
ಮಡಿಲಲ್ಲಿ ಟೋಪಿ, ಟೋಪಿಯೊಳಗೆ ಫೋನು.
‘ಕೈತಪ್ಪಿ ಎಲ್ಲೋ ಒತ್ತಿದೆ,’ ಎಂದರು,
‘ರದ್ದು ಮಾಡುವುದೇ ಅಂತ ಕೇಳಿತು.
ರದ್ದು ಒತ್ತಿದರೆ ರದ್ದಾಗಿಬಿಡುತ್ತದಲ್ಲ ಎಂದು ಹೆದರಿ,
ಇದ್ದದ್ದು ಇದ್ದ ಹಾಗೇ ಸರಿ ಎಂದು
ಸರಿ ಒತ್ತಿದೆ.’

ಬೈದಿದ್ದರೆ ಹಗುರವಾಗುತ್ತಿತ್ತು.
ಅವರು ಬೈಯಲಿಲ್ಲ, ಗುಂಡಿಯಲ್ಲಿ ಎಷ್ಟು ಜಾಗ ಎಂದು ಕೇಳಿದರು.
ಹೇಳಿದೆ.
ತಮ್ಮ ಫಲಕದಲ್ಲೂ ಅಷ್ಟೇ ಇತ್ತು ಎಂದರು.

ಚಳಿ ಗಟ್ಟಿಯಿದ್ದ ವರ್ಷಗಳಲ್ಲಿ
ಇವರ ತಂಡ ಸಮುದ್ರದ ಮೇಲೆಯೇ ರಸ್ತೆ ಹಾಕುತ್ತಿತ್ತು,
ಅಂಚಿಗೆ ಜುನಿಪರ್ ಕೊಂಬೆ ನೆಟ್ಟು.
ಫಲಕ ಬರೆಯುವುದು ಕಾಲ್ಯೊ ಪಾಲಿಗೆ.
ನೆಲದ ಮೇಲೆಲ್ಲ ಬೆಲ್ಟ್ ಕಟ್ಟಿ ಎನ್ನುತ್ತಾರೆ,
ಅಲ್ಲಿ ಮಾತ್ರ ಬಿಚ್ಚಬೇಕು.
ಗಾಡಿ ಮುಳುಗತೊಡಗಿದರೆ
ಕೊಕ್ಕೆ ಹುಡುಕುವಷ್ಟು ಹೊತ್ತು ನೀರು ಕೊಡುವುದಿಲ್ಲ.
‘ಮೊದಲ ವರ್ಷ ಇದನ್ನೆಲ್ಲ ವಿವರಿಸಿ ಬರೆದೆ,’ ಎಂದರು.
‘ಒಳ್ಳೆಯ ಜನ. ನಿಲ್ಲಿಸಿ ಓದಿದರು.
ಒಂದರ ಹಿಂದೊಂದು ನಿಂತ ಗಾಡಿಗಳ ಕೆಳಗೆ
ಮಂಜುಗಡ್ಡೆ ನರಳಿದ್ದು ದಡದ ತನಕ ಕೇಳಿಸಿತು.
ಅವತ್ತೇ ಸಂಜೆ ಅಳಿಸಿ ಬರೆದೆ:
ಬೆಲ್ಟ್ ಬಿಚ್ಚಿ.’

ನಾನು ಬರೆದದ್ದೂ ಚಿಕ್ಕದೇ ಅಲ್ಲವೇ
ಎನ್ನುವುದು ನಾಲಿಗೆಯ ತುದಿಗೆ ಬಂತು.
ಅವರು ಫೋನನ್ನು ನನ್ನ ಕೈಗಿಟ್ಟು
‘ಒಂದು ಕಣ್ಣು ಮುಚ್ಚಿ ಓದಿದ್ದೀಯಾ?’ ಎಂದರು.

ಮುಚ್ಚಿದೆ. ಇನ್ನೊಂದನ್ನು ಕಿರಿದಾಗಿಸಿದೆ.
ಪ್ರಶ್ನೆ ಮಸುಕಾಗಿ ಮೇಲೆಲ್ಲೋ ತೇಲಿಹೋಯಿತು.
ಉಳಿದದ್ದು ಎರಡು ಬೂದು ಚೌಕ,
ಒಂದರಲ್ಲಿ ಭಯ, ಒಂದರಲ್ಲಿ ಒಪ್ಪಿಗೆ.
ನಾನಾಗಿದ್ದರೂ ಸರಿಯನ್ನೇ ಒತ್ತುತ್ತಿದ್ದೆ.

ಈಗ ಅಲ್ಲಿ ‘ಭೇಟಿ ಇರಲಿ’ ಎಂದಿದೆ,
ಪಕ್ಕದಲ್ಲಲ್ಲ, ಕೆಳಗೆ, ‘ಭೇಟಿ ಬೇಡ.’
ಪ್ರಶ್ನೆ ಕಣ್ಣಿಗೆ ಬೀಳದಿದ್ದರೂ ಉತ್ತರ ತನ್ನ ಕಾಲ ಮೇಲೆ ನಿಲ್ಲುತ್ತದೆ.
ಜಾಗ ಸಾಲದು ಎಂದು ಸೀಮ್ ಗೊಣಗಿದ,
ಆಮೇಲೆ ಗುಂಡಿಯನ್ನೇ ಅಗಲ ಮಾಡಿದ.
ಇಷ್ಟಕ್ಕೆ ಮೂರು ಸಭೆ.
ಕಾಲ್ಯೊಗೆ ಸಿಕ್ಕ ಹೊಸ ತಾರೀಕು ಜೂನ್ ಹನ್ನೊಂದು.
ಆ ಹತ್ತು ಚಿಲ್ಲರೆ ವಾರ
ಅವರು ಬೆಳಿಗ್ಗೆ ಪತ್ರಿಕೆಯನ್ನು ಹೇಗೆ ಓದಿದರೋ,
ಯಾರು ಓದಿ ಹೇಳಿದರೋ,
ನಾನು ಕೇಳಲಿಲ್ಲ.

ಮೊನ್ನೆ ಊರಿಗೆ ಹೋಗುವ ಬಸ್ಸಿನಲ್ಲಿ
ಮುಂದಿನ ಸೀಟಿನ ಬೆನ್ನಿಗೆ ಅಂಟಿಸಿದ ಚೀಟಿ,
ಎರಡೇ ಪದ, ಬೆಲ್ಟ್ ಕಟ್ಟಿ.
ಕೊಕ್ಕೆಯವರೆಗೆ ಹೋದ ಕೈ
ಒಂದು ಕ್ಷಣ ತಡೆಯಿತು,
ಕೆಳಗೆ ನೆಲವಿದೆಯೇ ಎಂದು.